ಕಡತಗಳಲ್ಲಿ ಕುಶಲಕರ್ಮಿಯ ಹಿರಿಯರು

ಬಿದರಿ ಹೂಜಿಯ ಮೇಲೆ ಬೆಳ್ಳಿಯ ಬಳ್ಳಿ ಇರುತ್ತದೆ, ಅದನ್ನು ಕೂರಿಸಿದವನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಬಹಮನಿ ಅರಸರ ಕಾಲದಿಂದ ಬೀದರಿನಲ್ಲಿ ನಡೆದುಬಂದ ಈ ಕಸುಬು ತಂದೆಯಿಂದ ಮಗನಿಗೆ ಕೈಯಿಂದ ಕೈಗೆ ದಾಟಿತೇ ಹೊರತು ಬರಹದ ಮೂಲಕ ಅಲ್ಲ. ಹಾಗಾದರೆ ಇಂತಹ ಮನೆತನದವರು ತಮ್ಮ ಮುತ್ತಜ್ಜನನ್ನು ಎಲ್ಲಿ ಹುಡುಕಬೇಕು?

ಸರ್ಕಾರದ ಹಳೆಯ ದಫ್ತರಗಳು ಬರೆದಿಟ್ಟದ್ದು ಬಹುಮಟ್ಟಿಗೆ ಭೂಮಿಯ ಲೆಕ್ಕವನ್ನು. ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳ ಬಡಗಿ, ಕಮ್ಮಾರರಿಗೆ ಊರ ಚಾಕರಿಗಾಗಿ ಬಲೂತೆಯ ಧಾನ್ಯ ಸಲ್ಲುತ್ತಿತ್ತು. ಕೆಲವರಿಗೆ ಇನಾಮು ಭೂಮಿಯೂ ಇತ್ತು. ಆ ಭೂಮಿಯ ನೆಪದಲ್ಲಿ ಅವರ ಹೆಸರು ಕಾಗದಕ್ಕೆ ಬಂತು. ಹೊಲವಿಲ್ಲದ ಪಟ್ಟಣದ ಕುಶಲಕರ್ಮಿಗೆ ಆ ದಾರಿಯೂ ಇಲ್ಲ. ಅಂತಹವರ ಮನೆಯ ನಿಕಾಹನಾಮೆ, ಮನೆ ಖರೀದಿಯ ಪತ್ರ, ಸಾಲದ ಚೀಟಿಗಳೇ ಆಧಾರ. ನಿಕಾಹನಾಮೆಯಲ್ಲಿ ವಧೂವರರ ಜೊತೆಗೆ ಅವರ ತಂದೆಯರ ಹೆಸರೂ ಇರುವುದರಿಂದ ಒಂದೇ ಹಾಳೆಯಲ್ಲಿ ಎರಡು ತಲೆಮಾರು ಸಿಗುತ್ತದೆ.

ಹುಡುಕಾಟ ಇಂದಿನಿಂದ ಹಿಂದಕ್ಕೆ ಸಾಗಬೇಕು. ಮೊದಲು ಶಾಲೆಯ ದಾಖಲಾತಿ ಪುಸ್ತಕ, ಆಮೇಲೆ ಪಹಣಿ, ಅದರ ಹಿಂದೆ ಹೈದರಾಬಾದ್ ರಾಜ್ಯದಲ್ಲಿ 1954-55ರಲ್ಲಿ ಸಿದ್ಧವಾದ ಖಾಸರಾ ಪಹಣಿ. ಅದಕ್ಕೂ ಹಿಂದಿನದು ವಿರಾಸತ್ ಕಾಗದ. ಖಾತೆದಾರ ತೀರಿಕೊಂಡಾಗ ವಾರಸುದಾರರು ಯಾರೆಂದು ಬರೆದ ಈ ಕಾಗದ ವಂಶಾವಳಿಗೆ ಬಹಳ ಹತ್ತಿರದ್ದು.

ನಿಜವಾದ ತೊಡಕು ಇಲ್ಲಿಂದ ಶುರು. ನಿಜಾಮರ ಕಾಲದ ಕಾಗದಗಳ ಇಸವಿ ಹೆಚ್ಚಾಗಿ ಫಸಲಿ. ಅದಕ್ಕೆ ಸುಮಾರು 590 ಕೂಡಿಸಬೇಕು. ಫಸಲಿ 1319 ಎಂದರೆ ಕ್ರಿ.ಶ. 1909-10. ಲಿಪಿ ಉರ್ದು, ಕೆಲವೆಡೆ ಮರಾಠಿಯ ಮೋಡಿ. ಅವಸರದ ಶಿಕಸ್ತಾ ಬರಹದಲ್ಲಿ ಗುಮಾಸ್ತರು ಚುಕ್ಕೆಗಳನ್ನು ಬಿಡುತ್ತಿದ್ದರು. ಉರ್ದುವಿನಲ್ಲಿ ‘ಬಸಪ್ಪ’, ‘ಬಸಯ್ಯ’ ಎಂಬ ಹೆಸರುಗಳಿಗೆ ಚುಕ್ಕೆಗಳಷ್ಟೇ ವ್ಯತ್ಯಾಸ. ಅವು ಬಿಟ್ಟುಹೋದರೆ ಎರಡೂ ಒಂದೇ ರೂಪ. ಜಾತಿ ಪ್ರಮಾಣಪತ್ರಕ್ಕೋ ಹೊಲದ ವಾರಸಾಗೋ ಆ ಕಾಗದವನ್ನು ಹಿಡಿದು ಹೊರಟವನಿಗೆ ಇದು ಸಣ್ಣ ಮಾತಲ್ಲ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಇನ್ನೊಂದು ಗೊಂದಲ: ಇಬ್ಬರನ್ನು ಒಬ್ಬನೆಂದು ಎಣಿಸಿದರೆ ನಡುವಿನ ತಲೆಮಾರೇ ಮಾಯ.

1956ರ ನವೆಂಬರ್ 1ರಂದು ಬೀದರ ಜಿಲ್ಲೆಯೂ ಹಂಚಿಹೋಯಿತು. ಉದಗೀರ, ನೀಲಂಗಾ, ಅಹಮದಪುರ ಆಗಿನ ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಪ್ರದೇಶಕ್ಕೆ ಸೇರಿದವು. ಇಂದು ಅವು ಮಹಾರಾಷ್ಟ್ರ, ತೆಲಂಗಾಣಗಳಲ್ಲಿವೆ. ಭಾಲ್ಕಿಯ ಒಂದು ಮನೆತನದ ತಾಯಿಯ ಕಡೆಯ ಹಿರಿಯರು ಉದಗೀರದವರಾಗಿದ್ದರೆ ಹುಡುಕಾಟ ಗಡಿ ದಾಟಲೇಬೇಕು.

ಕಾಗದ ಉಳಿದರೆ ಸಾಲದು, ಓದುವ ಕಣ್ಣೂ ಉಳಿಯಬೇಕು. ಮೋಡಿ, ಶಿಕಸ್ತಾ ಬಲ್ಲ ಹಿರಿಯರು ಊರೂರಲ್ಲಿ ವಿರಳರಾಗುತ್ತಿದ್ದಾರೆ. ಟ್ರಂಕಿನ ತಳದ ಹಳೆಯ ಹಾಳೆಯನ್ನು ರದ್ದಿಗೆ ಹಾಕುವ ಮೊದಲು ಅಂತಹ ಹಿರಿಯರೊಬ್ಬರಿಗೆ ತೋರಿಸುವುದು ಲೇಸು. ಪಾತ್ರೆಯ ಮೇಲೆ ಇಲ್ಲದ ಹೆಸರು ಅಲ್ಲಿ ಇದ್ದೀತು.