ತಿಥಿ ಲೆಕ್ಕದ ಚೀಟಿ

ಹನೂರು ಕಡೆಯ ನಮ್ಮ ಹಳೇ ಮನೆಯಲ್ಲಿ ದೊಡ್ಡಜ್ಜಿಯ ಟ್ರಂಕು ತೆಗೆದಾಗ ಒಂದು ಕ್ರಯಪತ್ರದ ನಕಲು, ಅದರ ಮಡಿಕೆಯೊಳಗೆ ಒಂದು ಚೀಟಿ ಸಿಕ್ಕಿತು. ಚಟ್ಟದ ಬಿದಿರು, ಬಿಳಿ ಬಟ್ಟೆ, ತಮಟೆಯವರಿಗೆ, ಗುಂಡಿ ತೋಡಿದವರಿಗೆ, ಹಾಲು-ತುಪ್ಪಕ್ಕೆ, ತಿಥಿಯ ಅಕ್ಕಿ, ಬೆಲ್ಲ, ಕೊನೆಗೆ ಎಲೆ ಅಡಿಕೆ. ರೂಪಾಯಿ, ಆಣೆ, ಪೈ ಲೆಕ್ಕ. ಅಡಿಯಲ್ಲಿ ಹೆಬ್ಬೆಟ್ಟು.

"ತಿಥಿ ಲೆಕ್ಕ ಮನೇಲಿ ಇಟ್ಕೋಬಾರ್ದು, ಬಿಸಾಕೋ" ಅಂದರು ಚಿಕ್ಕಪ್ಪ.

ದೊಡ್ಡಜ್ಜಿ ಅಂದರೆ ನನ್ನ ತಾತನ ಅಣ್ಣನ ಹೆಂಡತಿ. ಮಕ್ಕಳಿರಲಿಲ್ಲ. ಅಣ್ಣ ತಮ್ಮ ಹಿಸ್ಸೆಯಾಗಿದ್ದರಿಂದ ಗಂಡನ ಹೊಲ ಅವರಿಗೇ ಬಂತು. ಆದರೆ ಆಗಿನ ಹಿಂದೂ ಕಾನೂನಿನಲ್ಲಿ ವಿಧವೆಗೆ ಹೊಲ ಬರುತ್ತಿದ್ದದ್ದು ಬದುಕಿರುವಷ್ಟು ದಿನ ಉಣ್ಣುವುದಕ್ಕೆ. ಮಾರಬೇಕಾದರೆ ಗಂಡನ ಉತ್ತರಕ್ರಿಯೆ, ಅವನು ಬಿಟ್ಟ ಸಾಲ, ಹೊಟ್ಟೆಪಾಡು ಹೀಗೆ ತಕ್ಕ ಕಾರಣ ಬೇಕು. ಅವಳು ಸತ್ತ ಮೇಲೆ ದಾಯಾದಿಗಳು ದಾವಾ ಹೂಡಿದರೆ ಆ ಕಾರಣ ನಿಜವೆಂದು ತೋರಿಸುವ ಪಾಡು ಕೊಂಡವನದು. ಹಾಗಾಗಿ ಗಂಡನ ತಿಥಿಯ ಎಲೆ ಅಡಿಕೆಯ ಕಾಸೂ ಕಾಗದಕ್ಕೆ ಇಳಿಯಿತು. ಆ ದಾಯಾದಿ ಯಾರು? ನನ್ನ ತಾತ.

ಇದೇ ದೊಡ್ಡಜ್ಜಿ ಯಳಂದೂರಿನಲ್ಲಿದ್ದಿದ್ದರೆ ಚೀಟಿಯೇ ಬೇಕಿರಲಿಲ್ಲ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಯಳಂದೂರು ಮೈಸೂರು ಸೀಮೆಯದು. ಅಲ್ಲಿ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಬಂದಿತ್ತು. ಸತ್ತವನಿಗೆ ಮಗಳಾಗಲಿ ಮಗಳ ಮಗನಾಗಲಿ ಇಲ್ಲದಿದ್ದರೆ ಗಂಡನಿಂದ ಬಂದ ಆಸ್ತಿ ಹೆಂಡತಿಗೆ ಸ್ತ್ರೀಧನ. ಮಾರಲು ಯಾರನ್ನೂ ಕೇಳಬೇಕಿಲ್ಲ. ಹನೂರನ್ನೂ ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಲ್ಲಿಗೆ ಹಿಂದೂ ಸ್ತ್ರೀಯರ ಆಸ್ತಿ ಹಕ್ಕಿನ 1937ರ ಕಾಯಿದೆ ಬಂದರೂ ವಿಧವೆಯ ಹಕ್ಕು ಮೊಟಕಾಗಿಯೇ ಉಳಿಯಿತು. ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿದರೆ ಯಳಂದೂರು ಎಷ್ಟು ದೂರ!

1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಯಾಗಿ, ಕೈಯಲ್ಲಿ ಉಳಿದಿದ್ದ ಹೊಲಕ್ಕೆ ದೊಡ್ಡಜ್ಜಿ ಪೂರಾ ಒಡತಿಯಾದರು. ಅದೇ ನವೆಂಬರ್ 1ಕ್ಕೆ ಕೊಳ್ಳೇಗಾಲವೂ ಮೈಸೂರು ರಾಜ್ಯಕ್ಕೆ ಬಂತು.

ಹೊಲ ಮಾರಲು ಚೀಟಿ ಬೇಡವಾದರೂ ಸಾವಿನ ಖರ್ಚಿನ ಲೆಕ್ಕ ಕಾನೂನಿನಿಂದ ಹೋಗಲಿಲ್ಲ. ಸತ್ತವರ ಆಸ್ತಿಯಿಂದ ಯಾವ ಖರ್ಚು ಮೊದಲು ಎಂಬ ಪಟ್ಟಿ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿದೆ. ಮೊದಲು ಸತ್ತವರ ಅಂತಸ್ತಿಗೆ ತಕ್ಕ ಅಂತ್ಯಕ್ರಿಯೆಯ ಖರ್ಚು, ಕೊನೆಗಾಲದ ವೈದ್ಯರ ಫೀಜು, ಕೊನೇ ತಿಂಗಳ ಊಟ-ವಸತಿ. ಆಮೇಲೆ ಪ್ರೊಬೇಟಿನಂಥ ಕೋರ್ಟು ಖರ್ಚು. ನಂತರ ಆಳುಕಾಳುಗಳ ಕಡೇ ಮೂರು ತಿಂಗಳ ಕೂಲಿ. ಮಿಕ್ಕ ಸಾಲಗಾರರು ಇವೆಲ್ಲದರ ಹಿಂದೆ. ಉಯಿಲಿನಲ್ಲಿ ಹೆಸರಿದ್ದವರು ಇನ್ನೂ ಹಿಂದೆ. ಆದರೆ ಶಾಮಿಯಾನ ಹಾಕಿಸಿ ಊರಿಗೆಲ್ಲ ಬಾಡೂಟ ಹಾಕುವ ಈಗಿನ ತಿಥಿಯಲ್ಲಿ 'ಅಂತಸ್ತಿಗೆ ತಕ್ಕ' ಖರ್ಚು ಎಲ್ಲಿಗೆ ಮುಗಿಯುತ್ತದೆ? ಒಬ್ಬ ಅಕ್ಕಿ ತರುತ್ತಾನೆ, ಒಬ್ಬ ಕುರಿ ತರುತ್ತಾನೆ, ಇನ್ನೊಬ್ಬ ಕೈಸಾಲ ಮಾಡುತ್ತಾನೆ. ಬರೆದಿಡುವವರಿಲ್ಲ. ಪಾಲಿನ ದಿನ ಎಲ್ಲರ ಬಾಯಲ್ಲೂ ಲೆಕ್ಕ.

ದೊಡ್ಡಜ್ಜಿ ತೀರಿಕೊಂಡಾಗಲೂ ಹಾಗೇ ಆಯಿತು. ಯಾರೂ ಚೀಟಿ ಕೇಳಲಿಲ್ಲ, ಯಾರೂ ಬರೆಯಲಿಲ್ಲ. ಅವರ ತಿಥಿಗೆ ದುಡ್ಡು ಹಾಕಿದ್ದು ತಾನೇ ಎಂದು ದೊಡ್ಡಪ್ಪ ಇವತ್ತಿಗೂ ಹೇಳುತ್ತಾರೆ. ಅಲ್ಲ, ತಾನು ಎನ್ನುವವರು, ಚೀಟಿ ಬಿಸಾಕು ಅಂದ ಚಿಕ್ಕಪ್ಪ.