ಬೀದಿ ಬದಿ ವ್ಯಾಪಾರ: ನೆಲೆ ದೊರೆತರೆ ಶಿಸ್ತು ಸಾಧ್ಯ

ಉಡುಪಿಯ ರಥಬೀದಿಯಲ್ಲಿ ಮಲ್ಲಿಗೆ ಮಾರುವವರು, ಮಣಿಪಾಲದಲ್ಲಿ ವಿದ್ಯಾರ್ಥಿಗಳನ್ನು ನಂಬಿ ತಿಂಡಿಗಾಡಿ ನಡೆಸುವವರು, ಕಾಪು ಹಾಗೂ ಕಾರ್ಕಳ ಪೇಟೆಗಳಲ್ಲಿ ಹಣ್ಣು, ತರಕಾರಿ, ಮೀನಿನ ಬುಟ್ಟಿ ಇಟ್ಟು ಕುಳಿತವರು ನಮ್ಮ ಜಿಲ್ಲೆಯ ವಾಣಿಜ್ಯದ ಅವಿಭಾಜ್ಯ ಅಂಗ. ಆದರೆ ಇವರ ವ್ಯಾಪಾರಕ್ಕೆ ಗೋಡೆಯಿಲ್ಲ, ಸೂರಿಲ್ಲ. ಹಲವರಿಗೆ ನಾಳೆಯೂ ಅದೇ ಜಾಗದಲ್ಲಿ ಕುಳಿತುಕೊಳ್ಳಬಹುದೆಂಬ ಭರವಸೆಯಿಲ್ಲ.

ದಿನದೊಳಗೆ ಮುಗಿಯಬೇಕಾದ ವಹಿವಾಟು

ಇವರ ಸರಕಿನ ಬಹುಪಾಲು ಬೇಗನೆ ಕೆಡುವಂಥದು. ಶಂಕರಪುರ ಮಲ್ಲಿಗೆಯ ದರ ದಿನದಿನವೂ ನಿಗದಿಯಾಗುತ್ತದೆ. ಶುಭಕಾರ್ಯಗಳ ಕಾಲದಲ್ಲಿ ಏರಿದ ಬೆಲೆಗೆ ಅಟ್ಟೆ ಲೆಕ್ಕದಲ್ಲಿ ಕೊಂಡ ಹೂವು ಹೊತ್ತಿಗೆ ಸರಿಯಾಗಿ ಬಿಕರಿಯಾಗದಿದ್ದರೆ ನಷ್ಟ ಮಾರುವವರದೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೀನು ಮಾರುವ ಮಹಿಳೆಯರಿಗೆ ಸರಕೇ ವಿರಳ. ಅದೇ ಅವಧಿಯಲ್ಲಿ ಕರಾವಳಿಯ ಗಾಳಿಮಳೆ ಟಾರ್ಪಾಲನ್ನೂ ನಿಲ್ಲಗೊಡದು, ಗ್ರಾಹಕರನ್ನೂ ನಿಲ್ಲಗೊಡದು. ಸಮೀಪದಲ್ಲಿ ಶೌಚಾಲಯವಿಲ್ಲದಿದ್ದರೆ ದಿನವಿಡೀ ಕುಳಿತಿರಬೇಕಾದ ಮಹಿಳೆಯರ ಪಾಡು ಹೇಳತೀರದು.

ಕಾನೂನಿನ ನಿಲುವು

ಬೀದಿ ವ್ಯಾಪಾರವೂ ಸಂವಿಧಾನದತ್ತ ಉದ್ಯೋಗ ಸ್ವಾತಂತ್ರ್ಯದ ವ್ಯಾಪ್ತಿಗೆ ಸೇರಿದ್ದು, ಆದರೆ ಯುಕ್ತ ನಿರ್ಬಂಧಗಳಿಗೆ ಒಳಪಟ್ಟದ್ದು ಎಂದು ಸುಪ್ರೀಂ ಕೋರ್ಟು 1989ರ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿತು. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಇದಕ್ಕೆ ರೂಪುರೇಷೆ ನೀಡಿತು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ, ವ್ಯಾಪಾರ ಪ್ರಮಾಣಪತ್ರ, ತೆರವಿಗೆ ಮುನ್ನ 30 ದಿನಗಳ ನೋಟೀಸು ಇದರ ಮುಖ್ಯಾಂಶಗಳು. ವಶಪಡಿಸಿಕೊಂಡ ಸರಕು ಬೇಗ ಕೆಡುವಂಥದಾದರೆ ವ್ಯಾಪಾರಿ ಕೇಳಿದ ದಿನವೇ ಹಿಂತಿರುಗಿಸಬೇಕು.

ಬಾಡಿಗೆ, ತೆರಿಗೆ, ಪರವಾನಗಿ ಶುಲ್ಕ ತೆತ್ತು ಅಂಗಡಿ ನಡೆಸುವವರ ಆಕ್ಷೇಪವನ್ನೂ ಅಲ್ಲಗಳೆಯುವಂತಿಲ್ಲ. ಕಾಲುದಾರಿ ಪಾದಚಾರಿಗಳಿಗೆ ಸೇರಿದ್ದು. ಅಂಗಡಿಯ ಮುಂಭಾಗ ಮುಚ್ಚಿಹೋಗಬಾರದು. ಆದರೆ ಎತ್ತಂಗಡಿಯೊಂದೇ ಇದಕ್ಕೆ ಪರಿಹಾರವಲ್ಲ. ಇಂದು ತೆರವಾದವರು ಹೊಟ್ಟೆಪಾಡಿಗಾಗಿ ನಾಳೆ ಪಕ್ಕದ ರಸ್ತೆಗೆ ಬರುತ್ತಾರೆ. ಜಾಗ ಖಚಿತವಿಲ್ಲದವರು ಕಸದ ಬುಟ್ಟಿಗಾಗಲಿ, ಶುದ್ಧ ನೀರಿನ ವ್ಯವಸ್ಥೆಗಾಗಲಿ ಹಣ ಹೂಡಲಾರರು. ಗುರುತಿಸಿದ ವ್ಯಾಪಾರ ವಲಯ ದೊರೆತಾಗ ಮಾತ್ರ ಅವರಿಂದ ನೈರ್ಮಲ್ಯವನ್ನೂ ಶುಲ್ಕವನ್ನೂ ನ್ಯಾಯವಾಗಿ ಅಪೇಕ್ಷಿಸಬಹುದು.

ಬಂಡವಾಳ ಮತ್ತು ನಮ್ಮ ಪರಂಪರೆ

ಬ್ಯಾಂಕಿನ ದಾರಿ ಕಾಣದವರಿಗೆ ಉಳಿಯುವುದು ದುಬಾರಿ ಬಡ್ಡಿಯ ಕೈಸಾಲ. ಜೂನ್ 2020ರಲ್ಲಿ ಆರಂಭವಾದ ಪಿಎಂ ಸ್ವನಿಧಿ ಯೋಜನೆ ಮೊದಲಿಗೆ 10,000 ರೂ. ಸಾಲ ನೀಡಿತು, 2025ರಲ್ಲಿ ಮೊದಲ ಕಂತು 15,000 ರೂ.ಗೆ ಏರಿತು. ಪ್ರಮಾಣಪತ್ರ, ಗುರುತಿನ ಚೀಟಿ ಅಥವಾ ಶಿಫಾರಸು ಪತ್ರವಿಲ್ಲದೆ ಈ ಬಾಗಿಲು ತೆರೆಯದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿಯೇ ಪಿಗ್ಮಿ ಠೇವಣಿಯ ಮೂಲಕ ದಿನಗಳಿಕೆಯವರ ಪುಡಿಗಾಸನ್ನು ಅವರಿದ್ದಲ್ಲಿಗೇ ಹೋಗಿ ಸಂಗ್ರಹಿಸಿತು. ಸಣ್ಣ ವ್ಯಾಪಾರಿಯೂ ನಂಬಿಕೆಗೆ ಅರ್ಹನೆಂಬ ಪಾಠವನ್ನು ಈ ನೆಲಕ್ಕೆ ಹೊರಗಿನವರು ಕಲಿಸಬೇಕಾಗಿಲ್ಲ.

ಸದಸ್ಯರ ಹೊಣೆ

ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಬೀದಿ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು. ಅವರಲ್ಲಿ ಮೂರನೆಯ ಒಂದರಷ್ಟು ಮಹಿಳೆಯರು. ವರ್ತಕರ ಸಂಘಗಳಿಗೂ ಅಲ್ಲಿ ಸ್ಥಾನವಿದೆ. ದೂರು ಸಲ್ಲಿಸುವುದಕ್ಕಷ್ಟೇ ಆ ಸ್ಥಾನ ಬಳಕೆಯಾಗಬಾರದು. ಮಳೆಗಾಲಕ್ಕೆ ಮುನ್ನ ಸೂರು, ನೀರು, ಶೌಚಾಲಯ ಇರುವ ವಲಯಗಳನ್ನು ಸೂಚಿಸಲು ನಮ್ಮ ಸದಸ್ಯರು ಮುಂದಾದರೆ ಅಂಗಡಿಯವರಿಗೂ ಬುಟ್ಟಿಯವರಿಗೂ ಅದು ಲಾಭದ ವ್ಯವಹಾರವೇ ಆದೀತು.