ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡರೆ ಫಾರ್ಮಲಿನ್ ಅನಿಲ ತಡೆಯುತ್ತದೆಯೇ? ಮಣ್ಣಿಗೆ ವಿಷಾನಿಲ ಬಿಡುವ ಕೆಲಸದವರು ತಿಳಿದಿರಬೇಕಾದ ಸಂಗತಿಗಳು

"ಪಾಲಿಹೌಸ್‌ನಲ್ಲಿ ಮಡಿಗೆ ಫಾರ್ಮಲಿನ್ ಹಾಕುವಾಗ ಮುಖಕ್ಕೆ ಒದ್ದೆ ಟವೆಲ್ ಕಟ್ಟಿಕೊಳ್ಳಿ, ಕೆಲಸ ಮುಗಿದ ಮೇಲೆ ಒಂದು ಉಂಡೆ ಬೆಲ್ಲ ತಿಂದು ಹಾಲು ಕುಡಿಯಿರಿ, ಏನೂ ಆಗುವುದಿಲ್ಲ." ಇಂಥ ಸಲಹೆಯನ್ನು ನೀವು ಯಾರ ಬಾಯಲ್ಲಾದರೂ ಕೇಳಿರಬಹುದು, ಫೋನಿನಲ್ಲೂ ನೋಡಿರಬಹುದು. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಈ ಸಲಹೆಯನ್ನು ನಂಬಿ ಕೆಲಸಕ್ಕೆ ಇಳಿದವರ ಕಣ್ಣು, ಶ್ವಾಸಕೋಶ ಅಪಾಯಕ್ಕೆ ಸಿಲುಕುತ್ತವೆ. ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ಒಂದೊಂದಾಗಿ ನೋಡೋಣ.

ಮೊದಲೇ ಹೇಳಿಬಿಡುತ್ತೇವೆ: ಧೂಳು ಬೇರೆ, ಅನಿಲ ಬೇರೆ. ಧೂಳನ್ನು ತಡೆಯುವ ಬಟ್ಟೆ ಅನಿಲವನ್ನು ತಡೆಯುವುದಿಲ್ಲ. ಈ ಒಂದು ವ್ಯತ್ಯಾಸ ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮಣ್ಣಿಗೆ ವಿಷಾನಿಲ ಏಕೆ ಹಾಕುತ್ತಾರೆ?

ಒಂದೇ ಜಾಗದಲ್ಲಿ ವರ್ಷಗಟ್ಟಲೆ ಕ್ಯಾಪ್ಸಿಕಂ, ಟೊಮೆಟೊ, ಸೌತೆ, ಜರ್ಬೆರಾ ಬೆಳೆದರೆ ಮಣ್ಣಿನಲ್ಲಿ ರೋಗ ಕೂಡಿಕೊಳ್ಳುತ್ತದೆ. ಬೇರಿನಲ್ಲಿ ಗಂಟು ಕಟ್ಟಿಸುವ ನೆಮಟೋಡ್ ಎಂಬ ಕಣ್ಣಿಗೆ ಕಾಣದ ಜಂತುಹುಳು, ಸೊರಗು ರೋಗದ ಶಿಲೀಂಧ್ರ, ಸಸಿ ಕೊಳೆಸುವ ಶಿಲೀಂಧ್ರ ಎಲ್ಲವೂ ಅಲ್ಲಿ ಬೀಡುಬಿಡುತ್ತವೆ. ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಪಾಲಿಹೌಸ್ ರೈತರಿಗೆ ಈ ತಲೆನೋವು ಹೊಸದಲ್ಲ.

ಸಾಮಾನ್ಯ ಔಷಧಿ ಮಣ್ಣಿನ ಸಂದಿಗೊಂದಿಗೆ ತಲುಪುವುದಿಲ್ಲ. ಅನಿಲ ತಲುಪುತ್ತದೆ. ಹಾಗಾಗಿ ಮಣ್ಣಿನೊಳಗೆ ಅನಿಲವಾಗಿ ಹರಡುವ ರಾಸಾಯನಿಕ ಹಾಕಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಕೆಲವು ದಿನ ಬಿಡುತ್ತಾರೆ. ನಮ್ಮಲ್ಲಿ ನರ್ಸರಿ ಮತ್ತು ಪಾಲಿಹೌಸ್ ಮಡಿಗಳಿಗೆ ಹೆಚ್ಚು ಪರಿಚಿತವಾದದ್ದು ಫಾರ್ಮಲಿನ್. ಇದು ನೀರಿನಲ್ಲಿ ಕರಗಿಸಿದ ಶೇ 37ರಿಂದ 40ರಷ್ಟು ಫಾರ್ಮಾಲ್ಡಿಹೈಡ್ ಅನಿಲ. ಮೆಟಾಮ್ ಸೋಡಿಯಂ, ಡ್ಯಾಜೊಮೆಟ್ ಎಂಬ ಇನ್ನೆರಡು ರಾಸಾಯನಿಕಗಳೂ ಇವೆ. ಇವು ಹಸಿ ಮಣ್ಣಿಗೆ ಬಿದ್ದಾಗ ಮಿಥೈಲ್ ಐಸೋಥಯೋಸೈನೇಟ್ ಎಂಬ ಕಣ್ಣುರಿಸುವ ಅನಿಲವಾಗುತ್ತವೆ.

ಮಣ್ಣಿನ ಮೂಲೆಮೂಲೆಗೂ ನುಗ್ಗಿ ಜೀವಿಗಳನ್ನು ಕೊಲ್ಲಲೆಂದೇ ಇವುಗಳನ್ನು ಹಾಕುವುದು. ಹೀಗೆ ನುಗ್ಗುವ ಅನಿಲ ಮನುಷ್ಯನ ಮೂಗು, ಗಂಟಲಿಗೂ ಅಷ್ಟೇ ಸುಲಭವಾಗಿ ನುಗ್ಗುತ್ತದೆ.

ಮಾತು 1: ಒದ್ದೆ ಬಟ್ಟೆ ಅಥವಾ ಎನ್95 ಮಾಸ್ಕ್ ಸಾಕು

ತಪ್ಪು. ಎನ್95 ಮಾಸ್ಕ್ ಒಳ್ಳೆಯದೇ, ಆದರೆ ಅದು ಮಾಡಿರುವುದು ಧೂಳು, ಹನಿಯಂಥ ಕಣಗಳಿಗಾಗಿ. ಕಣ ಮಾಸ್ಕಿನ ನಾರಿಗೆ ಬಡಿದು ಅಂಟಿಕೊಳ್ಳುತ್ತದೆ. ಅನಿಲದ ಅಣು ಅಂಟುವುದಿಲ್ಲ, ಉಸಿರಿನ ಗಾಳಿಯ ಜೊತೆಗೇ ಒಳಗೆ ಬರುತ್ತದೆ. ಕೊರೊನಾ ಕಾಲದಲ್ಲಿ ಮಾಸ್ಕ್ ಹಾಕಿಕೊಂಡೇ ಪೆಟ್ರೋಲ್ ಬಂಕ್‌ಗೆ ಹೋಗಿದ್ದು ನೆನಪಿದೆಯೇ? ಪೆಟ್ರೋಲ್ ವಾಸನೆ ಬಂದೇ ಬರುತ್ತಿತ್ತು. ಫಾರ್ಮಾಲ್ಡಿಹೈಡ್ ಕೂಡ ಹಾಗೆಯೇ ಬರುತ್ತದೆ.

ಒದ್ದೆ ಬಟ್ಟೆಯ ಕಥೆ ಇನ್ನೂ ವಿಚಿತ್ರ. ಫಾರ್ಮಾಲ್ಡಿಹೈಡ್ ನೀರಿನಲ್ಲಿ ಕರಗುವುದರಿಂದ ಒದ್ದೆ ಟವೆಲ್ ಸ್ವಲ್ಪ ಅನಿಲವನ್ನು ಹೀರಿಕೊಳ್ಳಬಹುದು. ಆಮೇಲೆ? ಆ ವಿಷ ಹೀರಿದ ಟವೆಲನ್ನೇ ಮೂಗು, ಬಾಯಿಗೆ ಒತ್ತಿಕೊಂಡು ಉಸಿರಾಡುತ್ತಿರುತ್ತೀರಿ. ಕಣ್ಣಿಗಂತೂ ಯಾವ ರಕ್ಷಣೆಯೂ ಇರುವುದಿಲ್ಲ.

ಅನಿಲಕ್ಕೆ ಬೇಕಾದದ್ದು ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರ್. ಅದರಲ್ಲೂ ಎಲ್ಲ ಕಾರ್ಟ್ರಿಡ್ಜ್ ಎಲ್ಲ ಅನಿಲಕ್ಕೂ ಆಗುವುದಿಲ್ಲ. ಫಾರ್ಮಲಿನ್ ಕೆಲಸಕ್ಕೆ ಫಾರ್ಮಾಲ್ಡಿಹೈಡ್‌ಗೆಂದೇ ಗುರುತು ಮಾಡಿದ ಕಾರ್ಟ್ರಿಡ್ಜ್ ಬೇಕು. ಕಣ್ಣನ್ನೂ ಮುಚ್ಚುವ ಪೂರ್ಣ ಮುಖದ ರೆಸ್ಪಿರೇಟರ್ ಉತ್ತಮ. ಗಡ್ಡವಿದ್ದರೆ ಅಂಚು ಸರಿಯಾಗಿ ಕೂರದೆ ಗಾಳಿ ಒಳಗೆ ಸೋರುತ್ತದೆ. ಕಾರ್ಟ್ರಿಡ್ಜ್ ಒಂದು ಸ್ಪಂಜಿನಂತೆ. ತುಂಬಿದ ಮೇಲೆ ಹೀರುವುದಿಲ್ಲ. ಹೋದ ವರ್ಷ ಬಳಸಿ ಗೋಡೆಗೆ ನೇತು ಹಾಕಿದ್ದನ್ನು ಈ ವರ್ಷ ನಂಬಬೇಡಿ.

ಮಾತು 2: ವಾಸನೆ ಹೋಯಿತು ಎಂದರೆ ಅನಿಲ ಹೋಯಿತು

ಇದೂ ತಪ್ಪು. ಮಲ್ಲಿಗೆ ಮುಡಿದವರಿಗೆ ಸ್ವಲ್ಪ ಹೊತ್ತಿನ ನಂತರ ಅದರ ಪರಿಮಳವೇ ತಿಳಿಯುವುದಿಲ್ಲ. ಹೂವಿನ ವಾಸನೆ ಹೋಗಿರುವುದಿಲ್ಲ, ಮೂಗು ಒಗ್ಗಿಕೊಂಡಿರುತ್ತದೆ. ಫಾರ್ಮಾಲ್ಡಿಹೈಡ್ ವಿಷಯದಲ್ಲೂ ಮೂಗು ಹೀಗೇ ಮೋಸ ಮಾಡುತ್ತದೆ. ಒಳಗೇ ಕೆಲಸ ಮಾಡುತ್ತಿರುವವರಿಗೆ "ಈಗ ಪರವಾಗಿಲ್ಲ" ಎನ್ನಿಸುತ್ತದೆ, ಹೊರಗಿನಿಂದ ಬಂದವರಿಗೆ ಕಣ್ಣಲ್ಲಿ ನೀರು ಬರುತ್ತದೆ.

ಕೆಲವು ವಿಷಾನಿಲಗಳಿಗೆ ವಾಸನೆಯೇ ಇಲ್ಲ. ಒಂದು ಕಾಲದಲ್ಲಿ ಜಗತ್ತಿನಾದ್ಯಂತ ಮಣ್ಣಿಗೆ ಹಾಕುತ್ತಿದ್ದ ಮಿಥೈಲ್ ಬ್ರೊಮೈಡ್ ಅಂಥದ್ದು. ಅಪಾಯ ಗೊತ್ತಾಗಲೆಂದು ಅದಕ್ಕೆ ಕಣ್ಣುರಿಸುವ ಕ್ಲೋರೋಪಿಕ್ರಿನ್ ಬೆರೆಸುತ್ತಿದ್ದರು, ಅಡುಗೆ ಗ್ಯಾಸಿಗೆ ವಾಸನೆ ಬೆರೆಸುವ ಹಾಗೆ. ಮಿಥೈಲ್ ಬ್ರೊಮೈಡ್ ಓಝೋನ್ ಪದರವನ್ನು ಹಾಳು ಮಾಡುವುದರಿಂದ ಮಾಂಟ್ರಿಯಲ್ ಒಪ್ಪಂದದಡಿ ಅಭಿವೃದ್ಧಿ ಹೊಂದಿದ ದೇಶಗಳಿಗೆ 2005, ನಮ್ಮಂಥ ದೇಶಗಳಿಗೆ 2015ರ ಗಡುವು ಹಾಕಿ ಅದರ ಕೃಷಿ ಬಳಕೆಯನ್ನು ಕೆಲವು ವಿನಾಯಿತಿಗಳನ್ನು ಬಿಟ್ಟು ನಿಲ್ಲಿಸಲಾಯಿತು.

ಹಾಗಾಗಿ ಒಳಗೆ ಹೋಗುವ ಸಮಯವನ್ನು ಮೂಗನ್ನು ನಂಬಿ ತೀರ್ಮಾನಿಸಬೇಡಿ. ಲೇಬಲ್ ಹೇಳಿದಷ್ಟು ದಿನ ಕಾಯಬೇಕು. ಆದರೆ ಕಣ್ಣು, ಗಂಟಲು ಉರಿದರೆ ಅದನ್ನು ಮಾತ್ರ ನಂಬಿ, ದಿನ ಕಳೆದಿದ್ದರೂ ತಕ್ಷಣ ಹೊರಗೆ ಬನ್ನಿ.

ಮಾತು 3: ಅಪಾಯ ಔಷಧಿ ಹಾಕುವವನಿಗೆ ಮಾತ್ರ

ಹೆಚ್ಚು ಜನ ಎಡವುವುದು ಇಲ್ಲೇ. ಔಷಧಿ ಹಾಕುವ ಒಬ್ಬರಿಗೆ ಮಾಸ್ಕ್, ಕೈಗವಸು ಕೊಟ್ಟು, ವಾರದ ನಂತರ ಪ್ಲಾಸ್ಟಿಕ್ ಹಾಳೆ ತೆಗೆಯಲು, ಮಣ್ಣು ಕೆದಕಲು ಕೂಲಿಗೆ ಬಂದ ಹೆಂಗಸರನ್ನು ಬರಿಗೈಯಲ್ಲಿ ಕಳಿಸಿದರೆ ಏನಾಗುತ್ತದೆ? ಹಾಳೆಯ ಕೆಳಗೆ ಕೂಡಿಹಾಕಿದ್ದ ಅನಿಲ ಹಾಳೆ ಎತ್ತಿದಾಗ ಒಮ್ಮೆಗೇ ಮೇಲೇಳುತ್ತದೆ. ಮಣ್ಣು ಕೆದಕಿದಾಗ ಒಳಗೆ ಉಳಿದದ್ದೂ ಹೊರಬರುತ್ತದೆ. ಪಾಲಿಹೌಸ್ ಮುಚ್ಚಿದ್ದರೆ ಅದಕ್ಕೆ ಹೋಗಲು ದಾರಿಯಿಲ್ಲ. ಬಗ್ಗಿ ಕೆಲಸ ಮಾಡುವವರ ಮುಖವಿರುವುದೂ ನೆಲದ ಹತ್ತಿರವೇ.

ಅನಿಲ ಬೇಲಿಯನ್ನೂ ದಾಟುತ್ತದೆ. 1999ರ ನವೆಂಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಅರ್ಲಿಮಾರ್ಟ್ ಎಂಬ ಸಣ್ಣ ಊರಿನ ಪಕ್ಕದ ಹೊಲಕ್ಕೆ ಮೆಟಾಮ್ ಸೋಡಿಯಂ ಹಾಕಿದ್ದರು. ಅನಿಲ ಊರಿನೊಳಗೆ ಹರಡಿತು. ಆ ಹೊಲಕ್ಕೂ ತಮಗೂ ಸಂಬಂಧವೇ ಇಲ್ಲದ 150ಕ್ಕೂ ಹೆಚ್ಚು ಜನ ಕಣ್ಣುರಿ, ವಾಂತಿ, ಉಸಿರಾಟದ ತೊಂದರೆಯಿಂದ ನರಳಿದರು. ಇಂಥ ಘಟನೆಗಳ ನಂತರ ಅಲ್ಲಿ ನಿಯಮಗಳು ಬಿಗಿಯಾದವು. ಹೊಲದ ಸುತ್ತ ಯಾರೂ ಇರಬಾರದ ಅಂತರ, ಕೆಲಸಕ್ಕೆ ಮುಂಚೆ ಬರೆದಿಡಬೇಕಾದ ಯೋಜನೆ, ಹಾಳೆಗೆ ಕನಿಷ್ಠ 5 ದಿನ ಕೈ ಹಾಕದಿರುವುದು, ಮೊದಲು ಹಾಳೆ ಕತ್ತರಿಸಿ ಅನಿಲ ಹೋಗಲು ಬಿಟ್ಟು ಆಮೇಲಷ್ಟೇ ತೆಗೆಯುವುದು, ಇವೆಲ್ಲ ಲೇಬಲ್‌ನ ಭಾಗವಾದವು.

ಮಾತು 4: ಬೆಲ್ಲ, ಹಾಲು ವಿಷ ಇಳಿಸುತ್ತದೆ

ಬೆಲ್ಲ, ಹಾಲು ಹೋಗುವುದು ಹೊಟ್ಟೆಗೆ. ಅನಿಲ ಹೋಗಿರುವುದು ಶ್ವಾಸಕೋಶಕ್ಕೆ. ಇವು ಎರಡು ಬೇರೆ ದಾರಿಗಳು. ಉಸಿರಾಡಿದ ಅನಿಲವನ್ನು ಬೆಲ್ಲವಾಗಲಿ, ಹಾಲಾಗಲಿ, ಬಾಳೆಹಣ್ಣಾಗಲಿ ಎಳೆದು ತರುವುದಿಲ್ಲ. ಕೆಲಸ ಮಾಡಿದ ಕೈಯನ್ನು ತೊಳೆಯದೆ ಬೆಲ್ಲ ತಿಂದರೆ ಕೈಗೆ ಅಂಟಿದ ರಾಸಾಯನಿಕವೂ ಹೊಟ್ಟೆ ಸೇರುತ್ತದೆ. ಕೆಲಸದ ಜಾಗದಲ್ಲಿ ತಿನ್ನುವುದು, ಎಲೆ ಅಡಿಕೆ ಹಾಕುವುದು, ಬೀಡಿ ಸೇದುವುದು ಬೇಡವೇ ಬೇಡ.

ಮಾತು 5: ಆವತ್ತು ಏನೂ ಆಗಲಿಲ್ಲ, ಅಂದರೆ ಏನೂ ಆಗಿಲ್ಲ

ಕೆಲವು ವಿಷಾನಿಲಗಳು ಶ್ವಾಸಕೋಶದಲ್ಲಿ ನೀರು ತುಂಬಿಸುವುದು ಗಂಟೆಗಳು ಕಳೆದ ಮೇಲೆ. ಸಂಜೆ ಮನೆಗೆ ನಡೆದುಕೊಂಡೇ ಹೋದವರಿಗೆ ರಾತ್ರಿ ಉಸಿರು ಕಟ್ಟಬಹುದು. ವರ್ಷಗಳ ನಂತರ ಕಾಣಿಸುವ ಹಾನಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು.

ಡಿಬಿಸಿಪಿ ಎಂಬ ಇನ್ನೊಂದು ರಾಸಾಯನಿಕದ ಕಥೆಯೂ ಇಲ್ಲಿ ನೆನಪಿಡಬೇಕಾದದ್ದು. ಇದೂ ನೆಮಟೋಡ್ ಕೊಲ್ಲಲು ಮಣ್ಣಿಗೆ ಹಾಕುತ್ತಿದ್ದ ಧೂಮಕ. 1977ರಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಥ್ರಾಪ್‌ನಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಖಾನೆಯ ಕೆಲಸಗಾರರು ತಮ್ಮಲ್ಲಿ ಅನೇಕರಿಗೆ ಮಕ್ಕಳಾಗುತ್ತಿಲ್ಲ ಎಂಬುದನ್ನು ತಾವೇ ಗಮನಿಸಿದರು. ಪರೀಕ್ಷೆ ಮಾಡಿದಾಗ ಹಲವರಲ್ಲಿ ವೀರ್ಯಾಣು ಕಡಿಮೆ ಇತ್ತು, ಕೆಲವರಲ್ಲಿ ಇರಲೇ ಇಲ್ಲ. ಅವರಲ್ಲಿ ಯಾರೂ ಕೆಲಸದ ಜಾಗದಲ್ಲಿ ಕುಸಿದು ಬಿದ್ದಿರಲಿಲ್ಲ. ಇವತ್ತು ಭಾರತದ ನಿಷೇಧಿತ ಕೀಟನಾಶಕಗಳ ಪಟ್ಟಿಯಲ್ಲೂ ಅದು ಇದೆ.

ಹಾಗಾದರೆ ನಿಜವಾದ ರಕ್ಷಣೆ ಯಾವುದು?

ಕೆಲಸಕ್ಕೆ ಮುಂಚೆ:
- ಲೇಬಲ್ ಮತ್ತು ಒಳಗಿನ ಚೀಟಿ ಓದಿ, ಓದಲು ಬಾರದವರಿಗೆ ಓದಿ ಹೇಳಿ. ಲೇಬಲ್ ಇಲ್ಲದ ಬಿಡಿ ಕ್ಯಾನ್ ತಂದರೆ ಪ್ರಮಾಣ, ಕಾಯುವ ದಿನ, ಪ್ರಥಮ ಚಿಕಿತ್ಸೆ ಯಾವುದೂ ತಿಳಿಯುವುದಿಲ್ಲ.
- ಬಿಸಿಲು ಸುಡುವ ಮಧ್ಯಾಹ್ನ ಬೇಡ, ಅನಿಲ ಬೇಗ ಏಳುತ್ತದೆ. ಗಾಳಿಯಾಡದ ಸಂಜೆಯೂ ಬೇಡ, ಅನಿಲ ನೆಲದ ಹತ್ತಿರವೇ ನಿಲ್ಲುತ್ತದೆ. ಬೆಳಗಿನ ಮಂಜು ಸರಿದು ಸಣ್ಣಗೆ ಗಾಳಿ ಬೀಸುವ ಹೊತ್ತು ಒಳ್ಳೆಯದು.
- ಗರ್ಭಿಣಿಯರು, ಮಕ್ಕಳು, ಅಸ್ತಮಾ ಇರುವವರು ಹತ್ತಿರ ಬರಬಾರದು.

ಕೆಲಸ ಮಾಡುವಾಗ:
- ಪಾಲಿಹೌಸ್‌ನ ಪಕ್ಕದ ಪರದೆಗಳನ್ನೆಲ್ಲ ತೆರೆಯಿರಿ. ಒಳಗಿನ ತುದಿಯಿಂದ ಬಾಗಿಲ ಕಡೆಗೆ ಹಿಂದೆ ಹಿಂದೆ ಬರುತ್ತಾ ಕೆಲಸ ಮಾಡಿ.
- ಫಾರ್ಮಲಿನ್‌ಗೆ ರಬ್ಬರ್ ಕೈಗವಸು, ಗಮ್ ಬೂಟು, ಮೈ ಮುಚ್ಚುವ ಬಟ್ಟೆ, ಸರಿಯಾದ ರೆಸ್ಪಿರೇಟರ್ ಬೇಕು. ಆದರೆ ಎಲ್ಲದಕ್ಕೂ ಇದೇ ನಿಯಮವಲ್ಲ. ಮಿಥೈಲ್ ಬ್ರೊಮೈಡ್ ಲೇಬಲ್ ಕೈಗವಸು, ರಬ್ಬರ್ ಬೂಟು ಹಾಕಬೇಡಿ ಎನ್ನುತ್ತದೆ, ಏಕೆಂದರೆ ಅನಿಲ ಅದರೊಳಗೆ ಸಿಕ್ಕಿಕೊಂಡು ಚರ್ಮ ಸುಡುತ್ತದೆ. ಅದಕ್ಕೇ ಲೇಬಲ್ ಓದಿ ಎನ್ನುವುದು.
- ಒಬ್ಬರೇ ಹೋಗಬೇಡಿ. ಹೊರಗೆ ಒಬ್ಬರು ನೋಡುತ್ತಿರಲಿ.

ಕೆಲಸದ ನಂತರ:
- ಬಾಗಿಲಿಗೆ ಬೋರ್ಡ್ ಹಾಕಿ, ಯಾವ ದಿನದವರೆಗೆ ಒಳಗೆ ಹೋಗಬಾರದು ಎಂದು ಕನ್ನಡದಲ್ಲಿ, ದೊಡ್ಡದಾಗಿ ಬರೆಯಿರಿ. ಬೇರೆ ರಾಜ್ಯದ ಕೆಲಸಗಾರರಿದ್ದರೆ ಅವರ ಭಾಷೆಯಲ್ಲೂ ಹೇಳಿ.
- ಹಾಳೆ ತೆಗೆಯುವವರಿಗೂ ಹಾಕಿದವರಿಗೆ ಕೊಟ್ಟಷ್ಟೇ ರಕ್ಷಣೆ ಕೊಡಿ. ಹಾಳೆಯನ್ನು ಮೊದಲು ಅಲ್ಲಲ್ಲಿ ಕತ್ತರಿಸಿ, ಕೆಲವು ಗಂಟೆ ಬಿಟ್ಟು, ಆಮೇಲೆ ಎತ್ತಲಿ.
- ಸ್ನಾನ ಮಾಡಿ, ಆ ಬಟ್ಟೆಯನ್ನು ಮನೆಯ ಬಟ್ಟೆಯ ಜೊತೆ ಸೇರಿಸದೆ ಬೇರೆ ಒಗೆಯಿರಿ.

ಇದು ಉಪಕಾರವಲ್ಲ, ಕಾನೂನು

ಕೀಟನಾಶಕ ಕಾಯ್ದೆ 1968 ಮತ್ತು ಅದರ 1971ರ ನಿಯಮಗಳು ಕೀಟನಾಶಕ ಮುಟ್ಟುವ ಕೆಲಸಗಾರರಿಗೆ ರಕ್ಷಣಾ ಬಟ್ಟೆ, ಕೈಗವಸು, ಬೂಟು, ಸೂಕ್ತ ರೆಸ್ಪಿರೇಟರ್, ತರಬೇತಿ, ವೈದ್ಯಕೀಯ ತಪಾಸಣೆಯ ಬಗ್ಗೆ ಹೇಳುತ್ತವೆ. ಡಬ್ಬಿಯ ಜೊತೆಗಿನ ಚೀಟಿ ಆ ಪ್ರದೇಶದ ಭಾಷೆಯಲ್ಲೂ ಇರಬೇಕು. ಡಬ್ಬಿಯ ಮೇಲಿನ ಬಣ್ಣವನ್ನೂ ಗುರುತಿಟ್ಟುಕೊಳ್ಳಿ. ಕೆಂಪು ಎಂದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ವಿಷವೇ ಇಲ್ಲ ಎಂದಲ್ಲ, ಉಳಿದವಕ್ಕಿಂತ ಕಡಿಮೆ ಎಂದಷ್ಟೇ.

ಯಾರಾದರೂ ಕುಸಿದು ಬಿದ್ದರೆ?

ಗಾಬರಿಯಲ್ಲಿ ಬರಿ ಮುಖದಲ್ಲಿ ಒಳಗೆ ಓಡಬೇಡಿ, ಎರಡನೆಯವರೂ ಬೀಳುತ್ತಾರೆ. ಪರದೆ, ಬಾಗಿಲು ತೆರೆಯಿರಿ, ರೆಸ್ಪಿರೇಟರ್ ಹಾಕಿದವರು ಅವರನ್ನು ಹೊರಗೆ ತನ್ನಿ. ರಾಸಾಯನಿಕ ತಾಗಿದ ಬಟ್ಟೆ ತೆಗೆಯಿರಿ. ಕಣ್ಣಿಗೆ, ಚರ್ಮಕ್ಕೆ ತಾಗಿದ್ದರೆ ಕನಿಷ್ಠ 15 ನಿಮಿಷ ಶುದ್ಧ ನೀರು ಹರಿಸಿ. ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ, ಡಬ್ಬಿಯ ಲೇಬಲ್ ಫೋಟೋ ತೆಗೆದು ವೈದ್ಯರಿಗೆ ತೋರಿಸಿ. ಉಸಿರು ಸರಿಹೋದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು.

ವಿಷವೇ ಇಲ್ಲದ ದಾರಿ ಇದೆಯೇ?

ಇದೆ. ಮಾರ್ಚ್‌ನಿಂದ ಮೇವರೆಗಿನ ನಮ್ಮ ಬಿಸಿಲೇ ಒಂದು ಔಷಧಿ. ಮಣ್ಣನ್ನು ಹದ ಮಾಡಿ, ನೀರು ಕೊಟ್ಟು, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚುಗಳನ್ನು ಮಣ್ಣಲ್ಲಿ ಹೂತು 4ರಿಂದ 6 ವಾರ ಬಿಟ್ಟರೆ ಮೇಲ್ಮಣ್ಣು ಕಾದು ಬಹಳಷ್ಟು ಶಿಲೀಂಧ್ರ, ನೆಮಟೋಡ್, ಕಳೆ ಬೀಜ ಸಾಯುತ್ತವೆ. ಇಸ್ರೇಲಿನ ವಿಜ್ಞಾನಿ ಯಾಕೋವ್ ಕಟಾನ್ ಮತ್ತು ಸಂಗಡಿಗರು 1976ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯೇ ಇದಕ್ಕೆ ಉತ್ತಮ. ಸಸಿಗಳನ್ನು ಮಣ್ಣಿನ ಮಡಿಯ ಬದಲು ಪ್ರೋಟ್ರೇಯ ಕೋಕೋಪೀಟ್‌ನಲ್ಲಿ ಬೆಳೆಸುವುದು, ಮಧ್ಯೆ ಒಂದು ಬೆಳೆ ಚೆಂಡು ಹೂ ಹಾಕುವುದು, ಬೇವಿನ ಹಿಂಡಿಯ ಜೊತೆ ಟ್ರೈಕೋಡರ್ಮಾ ಕೊಡುವುದು ಕೂಡ ನೆರವಾಗುತ್ತವೆ. ಇವು ಒಂದೇ ವಾರದಲ್ಲಿ ಕೆಲಸ ಮಾಡುವುದಿಲ್ಲ, ಆಳದ ಹುಳುವನ್ನೆಲ್ಲ ಕೊಲ್ಲುವುದೂ ಇಲ್ಲ. ಆದರೆ ಯಾರ ಉಸಿರನ್ನೂ ಕಟ್ಟಿಸುವುದಿಲ್ಲ. ನಿಮ್ಮ ಮಣ್ಣಿಗೆ ಯಾವುದು ಸರಿ ಎಂದು ಕೇಳಲು ಕಿಸಾನ್ ಕಾಲ್ ಸೆಂಟರ್ 1800 180 1551ಕ್ಕೆ ಕರೆ ಮಾಡಬಹುದು.

ನಮ್ಮ ತೀರ್ಮಾನ

ಒದ್ದೆ ಬಟ್ಟೆ, ಎನ್95, ಬೆಲ್ಲ, ಹಾಲು ಇವು ಮಣ್ಣಿಗೆ ಹಾಕುವ ವಿಷಾನಿಲದಿಂದ ಕಾಪಾಡುತ್ತವೆ ಎಂಬ ಮಾತು ಸುಳ್ಳು. ಆ ಸಂದೇಶ ಮತ್ತೆ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಅದರ ಬದಲು ಇಷ್ಟನ್ನು ಕಳಿಸಿ: "ಅನಿಲಕ್ಕೆ ಬಟ್ಟೆ ಅಡ್ಡವಲ್ಲ. ಸರಿಯಾದ ರೆಸ್ಪಿರೇಟರ್ ಇಲ್ಲದಿದ್ದರೆ ಒಳಗೆ ಹೋಗಬೇಡಿ. ಹಾಳೆ ತೆಗೆಯುವವರಿಗೂ ರಕ್ಷಣೆ ಕೊಡಿ." ನಾಳೆ ಹಾಳೆ ಎತ್ತಲು ಹೊರಟ ಯಾರಾದರೂ ಒಬ್ಬರು ಇದನ್ನು ಓದಿದರೂ ಸಾಕು.